ಗಾಡಿ ಎತ್ತುವ ಮೊದಲು ಗಾಡಿಯ ಕೆಳಗೆ ಮಲಗಿ: ಒಂದು ಜಿಪ್ಸಿಯ ಪ್ರಕರಣ

ಇದು ಮೂಡಿಗೆರೆ ಸೀಮೆಯ ಒಂದು ಕಾಫಿ ತೋಟದ ಮಾರುತಿ ಜಿಪ್ಸಿಯನ್ನ ಎತ್ತರ ಮಾಡಿಸಿ, ಆಮೇಲೆ ಎಲ್ಲಾ ಬಿಚ್ಚಿ ಎರಡನೇ ಸಲ ಮಾಡಿಸಿದ ಕತೆ. ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಗಾಡಿ ನಂಬರ್, ಗ್ಯಾರೇಜಿನ ಹೆಸರು ಯಾವುದೂ ಇಲ್ಲಿ ಬರೋದಿಲ್ಲ. ಅವರನ್ನ ತೋಟದವರು ಅಂತ ಕರೆಯುತ್ತೇನೆ, ಅಷ್ಟು ಸಾಕು. ಎರಡನೇ ಸುತ್ತಿನ ಕೆಲಸದಲ್ಲಿ ಅಳತೆ ತೆಗೆದವನು ನಾನು. ಮೊದಲ ಸುತ್ತಿನಲ್ಲಿ ಏನಾಯಿತು ಅನ್ನೋದು ಅವರಿಂದ, ಅವರ ಡ್ರೈವರಿಂದ ಕೇಳಿದ್ದು. ಜೊತೆಗೆ ಗಾಡಿ ಬಿಚ್ಚಿದಾಗ ಕಣ್ಣಾರೆ ಕಂಡದ್ದು.

ಗಾಡಿ ಮತ್ತು ದಾರಿ

1.3 ಲೀಟರ್ ಪೆಟ್ರೋಲ್ ಎಂಜಿನ್‌ನ ಜಿಪ್ಸಿ ಕಿಂಗ್. 1985ರಲ್ಲಿ ಶುರುವಾದ ಜಿಪ್ಸಿಯನ್ನು ಮಲೆನಾಡಿನವರಿಗೆ ಪರಿಚಯ ಮಾಡಿಸಬೇಕಾಗಿಲ್ಲ. ಒಂದು ಟನ್ ಆಸುಪಾಸಿನ ತೂಕ, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸೆಲ್ (ಎಡ ಬಲ ಚಕ್ರಗಳನ್ನ ಸೇರಿಸುವ ಒಂದೇ ಅಚ್ಚು), ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್, ಅಂದ್ರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪ್ಲೇಟುಗಳು. ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಈ ಗಾಡಿಯಲ್ಲಿ ಸ್ಪ್ರಿಂಗ್ ಇರೋದು ಆಕ್ಸೆಲ್‌ನ ಕೆಳಗೆ. ಸ್ಪ್ರಿಂಗನ್ನು ಆಕ್ಸೆಲ್‌ಗೆ ಹಿಡಿದಿಡುವ ಯು ಬೋಲ್ಟಿನ ಪ್ಲೇಟು ಅದಕ್ಕೂ ಕೆಳಗೆ.

ತೋಟದ ಮನೆಯಿಂದ ಡಾಂಬರು ರಸ್ತೆಗೆ ಮೂರು ಕಿಲೋಮೀಟರ್. ನಡುವೆ ಒಂದು ಹಳ್ಳ, ಅದರಲ್ಲಿ ಗುಂಡುಕಲ್ಲು. ಹಳ್ಳ ದಾಟಿದ ಮೇಲೆ ಒಂದು ಕಡಿದಾದ ಏರು. ಮಳೆಗಾಲದಲ್ಲಿ ಆ ಏರಿನಲ್ಲಿ ಚಕ್ರದ ಜಾಡು ಎಷ್ಟು ಆಳ ಆಗುತ್ತೆ ಅಂದ್ರೆ, ಜಾಡು ತಪ್ಪಿಸಿ ಓಡಿಸೋದೇ ಒಂದು ಕೆಲಸ. ಗೊಬ್ಬರದ ಚೀಲ, ಕೆಲಸದವರು, ಕೊಯ್ಲಿನ ಕಾಲಕ್ಕೆ ಕಾಫಿ ಮೂಟೆ ಎಲ್ಲಾ ಇದೇ ಗಾಡಿಯಲ್ಲಿ.

ತೊಂದರೆ ಇದ್ದದ್ದು ಎರಡು. ಹಳ್ಳದಲ್ಲಿ ಗಾಡಿಯ ಅಡಿ ಕಲ್ಲಿಗೆ ಬಡಿಯುತ್ತಿತ್ತು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ ಸತ್ತಿದ್ದವು, ಸ್ಪ್ರಿಂಗೂ ಕುಸಿದಿದ್ದವು. ಶಾಕ್ ಹೇಗೂ ಬದಲಾಯಿಸಬೇಕು, ಅದರ ಜೊತೆಗೇ ಗಾಡಿಯನ್ನೂ ಸ್ವಲ್ಪ ಎತ್ತಿಸಿಬಿಡೋಣ ಅಂತ ತೋಟದವರು ಯೋಚಿಸಿದರು. ಆಫ್‌ರೋಡ್ ಕೂಟಗಳಿಗೆ ಹೋಗುವ ಆಸೆಯಿದ್ದ ಅವರ ಅಣ್ಣನ ಮಗ ಅದಕ್ಕೆ ದನಿಗೂಡಿಸಿದ.

ಮೊದಲ ಸುತ್ತು

ಪಟ್ಟಣದ ಗ್ಯಾರೇಜಿನವರು ಎರಡು ದಿನದಲ್ಲಿ ಕೆಲಸ ಮುಗಿಸಿದರು. ನಾಲ್ಕೂ ಕಡೆ ಮೊದಲಿಗಿಂತ ಎರಡು ಇಂಚು ಉದ್ದದ ಶ್ಯಾಕಲ್ (ಸ್ಪ್ರಿಂಗಿನ ಒಂದು ತುದಿಯನ್ನ ಚಾಸಿಗೆ, ಅಂದ್ರೆ ಗಾಡಿಯ ಅಡಿಯ ಚೌಕಟ್ಟಿಗೆ, ಸೇರಿಸುವ ಕೊಂಡಿ), ಪ್ರತಿ ಸ್ಪ್ರಿಂಗಿಗೆ ಒಂದೊಂದು ಪ್ಲೇಟ್ ಜಾಸ್ತಿ, ಮತ್ತೆ ದೊಡ್ಡ ಎಸ್‌ಯುವಿಗಳಿಗೆ ಹಾಕುವ ಬಿಗಿಯಾದ ಗ್ಯಾಸ್ ಶಾಕ್. ಒಟ್ಟು 38,000 ರೂಪಾಯಿ. ಗಾಡಿ ಎರಡು ಇಂಚಿಗಿಂತ ಸ್ವಲ್ಪ ಜಾಸ್ತಿಯೇ ಎದ್ದಿತು. ನೋಡೋಕೆ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಮೊದಲ ದಿನವೇ ಡ್ರೈವರ್ ಹೇಳಿದರಂತೆ: "ಅಣ್ಣ, ಸ್ಟೇರಿಂಗ್ ಯಾಕೋ ಕೈಗೆ ಸಿಗ್ತಾ ಇಲ್ಲ." ಹೊಸ ಸಾಮಾನು, ಕೂತುಕೊಳ್ಳೋಕೆ ನಾಲ್ಕು ದಿನ ಬೇಕು ಅಂತ ಗ್ಯಾರೇಜಿನವರು ಸಮಾಧಾನ ಹೇಳಿದರು. ಈ ಮಾತನ್ನ ಅಲ್ಲೇ ನಿಲ್ಲಿಸಿ ಕೇಳಬೇಕಿತ್ತು. ಹನ್ನೆರಡು ವರ್ಷ ಒಂದೇ ಗಾಡಿ ಓಡಿಸಿದವರ ಕೈಗೆ ಏನೋ ಬೇರೆ ಅನ್ನಿಸಿದರೆ, ಅಲ್ಲಿ ಏನೋ ಬೇರೆ ಆಗಿದೆ ಅಂತಲೇ ಅರ್ಥ.

ಎರಡನೇ ವಾರ ಚಾರ್ಮಾಡಿ ಘಾಟಿ ಇಳಿದರು. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿ ಕೈ ಸಡಿಲ ಬಿಟ್ಟರೆ ಅದು ತಾನಾಗಿ ವಾಪಸ್ ಬರಬೇಕು. ಬರಲಿಲ್ಲ. ಡ್ರೈವರ್ ಕೈಯಿಂದ ಎಳೆದು ನೇರ ಮಾಡುವಷ್ಟರಲ್ಲಿ ಮುಂದಿನ ಚಕ್ರ ರಸ್ತೆ ಬಿಟ್ಟು ಒಳಗಿನ ಚರಂಡಿಯ ಅಂಚಿಗೆ ಹೋಗಿತ್ತು. ಅದು ಗುಡ್ಡದ ಕಡೆಯ ಚರಂಡಿ. ಇನ್ನೊಂದು ಕಡೆಗೆ ಏನಿದೆ ಅಂತ ಆ ಘಾಟಿ ಕಂಡವರಿಗೆ ಗೊತ್ತು.

ನೇರ ರಸ್ತೆಯಲ್ಲಿ 60ರ ವೇಗಕ್ಕೆ ಗಾಡಿ ಅತ್ತಿತ್ತ ಅಲೆಯುತ್ತಿತ್ತು. 50 ದಾಟಿದರೆ ನೆಲದಲ್ಲಿ ಸಣ್ಣ ನಡುಕ. ಖಾಲಿ ಗಾಡಿಯಲ್ಲಿ ಕೂತರೆ ಪ್ರತಿ ಕಲ್ಲೂ ಬೆನ್ನಿಗೆ ಗೊತ್ತಾಗುತ್ತಿತ್ತು, ತೋಟದವರ ತಾಯಿ ಹತ್ತೋದನ್ನೇ ಬಿಟ್ಟರು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ವಿಷಯವನ್ನ ಅವರು ಮಾತಿನ ನಡುವೆ ಸುಮ್ನೆ ಹೇಳಿ ದಾಟಿಬಿಟ್ಟಿದ್ದರು. ಹಳ್ಳದಲ್ಲಿ ಅಡಿ ಬಡಿಯೋದು ನಿಂತಿರಲಿಲ್ಲ. ಅದೇ ಕಲ್ಲು, ಅದೇ ಸದ್ದು.

ಐದನೇ ವಾರ ಮುಂದಿನ ಎಡಗಡೆಯ ಶಾಕ್ ಹರಿಯಿತು. ಆಮೇಲೆ ನನಗೆ ಫೋನ್ ಬಂತು.

ಕೆಳಗೆ ಮಲಗಿ ಕಂಡದ್ದು

ಹರಿದ ಶಾಕಿನ ಕೆಳಗಿನ ಕಣ್ಣು, ಅಂದ್ರೆ ಬೋಲ್ಟ್ ಹಾಕುವ ಬಳೆ, ಬೆಸುಗೆಯ ಪಕ್ಕದಲ್ಲಿ ಬಾಯಿ ಬಿಟ್ಟಿತ್ತು. ಅದರೊಳಗಿನ ಬುಶ್ಶಿನ ರಬ್ಬರ್ ಅರ್ಧಚಂದ್ರದ ಹಾಗೆ ಒಂದೇ ಕಡೆ ಸವೆದು ಹೋಗಿತ್ತು, ಕೆಳಭಾಗದಲ್ಲಿ ಮಾತ್ರ. ಕಲ್ಲು ಬಡಿದು ಮುರಿದಿದ್ದರೆ ಹೀಗೆ ಸವೆಯೋದಿಲ್ಲ. ಎಳೆದೂ ಎಳೆದೂ ಹರಿದದ್ದು ಇದು. ಅದರ ಪಕ್ಕದಲ್ಲೇ ಬ್ರೇಕಿನ ರಬ್ಬರ್ ಹೋಸ್. ಜಾಕಿ ಕೊಟ್ಟು ಚಕ್ರ ನೇತಾಡಲು ಬಿಟ್ಟರೆ, ಬೆದರಿದ ಹಸು ಎಳೆದ ಹಗ್ಗದ ಹಾಗೆ ಬಿಗಿಯಾಗಿ ನಿಂತಿತು. ಬೆರಳಿನಿಂದ ಮೀಟಿದರೆ ಅಲುಗಲಿಲ್ಲ. ನಿಜ ಹೇಳ್ತೀನಿ, ಅದನ್ನ ಮುಟ್ಟಿದಾಗ ನನ್ನ ಕೈ ತಣ್ಣಗಾಯಿತು. ಈ ಗಾಡಿ ಐದು ವಾರ ಜನರನ್ನ ಹೊತ್ತು ಆ ಏರು ಇಳಿದಿದೆ.

ಕಾರಣ ಟೇಪಿನಲ್ಲೇ ಸಿಕ್ಕಿತು. ಶಾಕ್ ಪೂರ್ತಿ ತೆರೆದಾಗಿನ ಉದ್ದ 15.5 ಇಂಚು. ಗಾಡಿ ಸಮ ನೆಲದಲ್ಲಿ ನಿಂತಾಗ ಶಾಕಿನ ಮೇಲಿನ ಮೌಂಟಿನಿಂದ (ಅದನ್ನ ಗಾಡಿಗೆ ಬಿಗಿಯುವ ಜಾಗ) ಕೆಳಗಿನ ಮೌಂಟಿಗೆ 14.25 ಇಂಚು. ಅಂದ್ರೆ ಚಕ್ರ ಕೆಳಗೆ ಇಳಿಯೋಕೆ ಉಳಿದದ್ದು ಬರೀ ಒಂದೂಕಾಲು ಇಂಚು. ಗಾಡಿ ಎತ್ತರ ಆಗಿತ್ತು, ಶಾಕ್ ಉದ್ದ ಆಗಿರಲಿಲ್ಲ. ಗುಂಡಿ ಬಂದಾಗಲೆಲ್ಲ ಚಕ್ರದ, ಆಕ್ಸೆಲ್‌ನ ಭಾರ ಪೂರ್ತಿ ಆ ಒಂದು ಕಣ್ಣಿಗೆ ನೇತುಬೀಳುತ್ತಿತ್ತು.

ಸ್ಟೇರಿಂಗಿನ ಕತೆ ಬೇರೆ. ಜಿಪ್ಸಿಯ ಮುಂದಿನ ಸ್ಪ್ರಿಂಗಿನಲ್ಲಿ ಶ್ಯಾಕಲ್ ಇರೋದು ಬಂಪರ್ ಕಡೆಯ ತುದಿಗೆ. ಅದನ್ನ ಉದ್ದ ಮಾಡಿದರೆ ಸ್ಪ್ರಿಂಗಿನ ಮುಂದಿನ ತುದಿ ಕೆಳಗಿಳಿಯುತ್ತೆ, ಆಕ್ಸೆಲ್ ಮುಂದಕ್ಕೆ ಮಗುಚುತ್ತೆ. ಸೈಕಲ್ಲಿನ ಫೋರ್ಕ್ ಹಿಂದಕ್ಕೆ ವಾಲಿರುತ್ತಲ್ಲ, ಕೈ ಬಿಟ್ಟರೂ ಸೈಕಲ್ ನೇರ ಹೋಗೋಕೆ ಅದೂ ಒಂದು ಕಾರಣ. ಕಾರು, ಜೀಪಿನ ಮುಂದಿನ ಚಕ್ರಕ್ಕೂ ಅಂಥದೇ ಒಂದು ವಾಲಿಕೆ ಇದೆ, ಅದಕ್ಕೆ ಕ್ಯಾಸ್ಟರ್ ಅಂತಾರೆ. ಮೀಟರಿಗಿಂತ ಸ್ವಲ್ಪ ಕಮ್ಮಿ ಉದ್ದದ ಸ್ಪ್ರಿಂಗಿನ ಒಂದು ತುದಿ ಎರಡು ಇಂಚು ಇಳಿದರೆ ಮೂರು ಡಿಗ್ರಿಯಷ್ಟು ವಾಲಿಕೆ ಹೋಯಿತು ಅಂತ ಲೆಕ್ಕ. ಅಲೈನ್‌ಮೆಂಟ್ ಅಂಗಡಿಯ ಮೆಷಿನ್ ಎಡಕ್ಕೆ ಅರ್ಧ ಡಿಗ್ರಿ, ಬಲಕ್ಕೆ ಸೊನ್ನೆ ತೋರಿಸಿತು. ಇಷ್ಟೆಲ್ಲ ಕಳೆದುಕೊಂಡು ಸಿಕ್ಕಿದ್ದು ಏನು? ಶ್ಯಾಕಲ್ ಎರಡು ಇಂಚು ಉದ್ದ ಆದರೆ ಗಾಡಿ ಏಳೋದು ಒಂದೇ ಇಂಚು, ಯಾಕಂದ್ರೆ ಆಕ್ಸೆಲ್ ಇರೋದು ಸ್ಪ್ರಿಂಗಿನ ನಡುವೆ. ಹಿಂದಿನ ಆಕ್ಸೆಲ್ ಕೂಡ ಮಗುಚಿ, ಎಂಜಿನ್ನಿನ ಬಲವನ್ನ ಅದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕೋನ ಕೆಟ್ಟಿತ್ತು. ನೆಲದ ನಡುಕ ಅಲ್ಲಿಂದ ಬಂದದ್ದು.

ಇನ್ನು ಆ ಕಲ್ಲು. ಹರಿದ ಶಾಕಿನ ಜಾಗಕ್ಕೆ ಒಂದು ಹಳೇ ಶಾಕ್ ಕಟ್ಟಿದೆವು. ಗಾಡಿಯ ಅಡಿಗೆಲ್ಲ ಹಳದಿ ಆಯಿಲ್ ಪೇಂಟ್ ಬಳಿದು ರಾತ್ರಿಯೆಲ್ಲ ಒಣಗಲು ಬಿಟ್ಟೆವು. ಬೆಳಿಗ್ಗೆ ಒಬ್ಬರನ್ನೂ ಹತ್ತಿಸದೆ, ನಡಿಗೆಯ ವೇಗದಲ್ಲಿ ಹಳ್ಳ ದಾಟಿಸಿ ವಾಪಸ್ ತಂದೆವು. ಪೇಂಟ್ ಕೆತ್ತಿ ಹೋಗಿದ್ದು ಎರಡೇ ಕಡೆ: ಹಿಂದಿನ ಡಿಫರೆನ್ಷಿಯಲ್‌ನ (ಆಕ್ಸೆಲ್‌ನಲ್ಲಿ ಗೇರ್ ಇರುವ ಉಬ್ಬು) ಹೊಟ್ಟೆ, ಮತ್ತೆ ಯು ಬೋಲ್ಟಿನ ಪ್ಲೇಟುಗಳು. ಚಾಸಿಯ ಮೇಲೆ, ಮುಂದಿನ ಹಿಂದಿನ ಆಕ್ಸೆಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಒಂದು ಗೀರೂ ಇಲ್ಲ.

ತೋಟದವರು ಬಗ್ಗಿ ನೋಡಿ ತುಂಬ ಹೊತ್ತು ಸುಮ್ಮನಿದ್ದರು. ಗಟ್ಟಿ ಆಕ್ಸೆಲ್‌ನ ಗಾಡಿಯಲ್ಲಿ ಸ್ಪ್ರಿಂಗ್ ಎತ್ತರ ಮಾಡಿದರೆ ಏಳೋದು ಚಾಸಿ, ಬಾಡಿ, ಬಂಪರ್. ಆಕ್ಸೆಲ್ ಚಕ್ರಕ್ಕೆ ಸೇರಿದ್ದು, ಅದು ಎಲ್ಲಿತ್ತೋ ಅಲ್ಲೇ ಇರುತ್ತೆ. ಅದನ್ನ ಎತ್ತೋದು ಟೈರ್ ಮಾತ್ರ. 38,000 ರೂಪಾಯಿ ಕೊಟ್ಟು ಅವರು ಎತ್ತಿಸಿದ್ದು ಎಲ್ಲೂ ತಾಗದ ಭಾಗವನ್ನ.

ಎಲ್ಲಾ ಬಿಚ್ಚುವ ನಿರ್ಧಾರ

"ಇಷ್ಟು ದುಡ್ಡು ಹಾಕಿದೀವಲ್ಲ ಮಾರಾಯ್ರೆ, ಶಾಕ್ ಒಂದು ಉದ್ದದ್ದು ಹಾಕಿದ್ರೆ ಆಗಲ್ವಾ?" ಅಂತ ಕೇಳಿದರು. ಅವರ ಸಂಕಟ ನನಗೆ ಅರ್ಥ ಆಗುತ್ತಿತ್ತು. ಆದರೂ ಬೇಡ ಅಂದೆ. ಉದ್ದದ ಶ್ಯಾಕಲ್ ಇರುವವರೆಗೆ ಸ್ಟೇರಿಂಗ್ ಸರಿ ಹೋಗಲ್ಲ. ಆಕ್ಸೆಲ್ ಮತ್ತು ಸ್ಪ್ರಿಂಗ್ ನಡುವೆ ವೆಜ್, ಅಂದ್ರೆ ಓರೆಯಾದ ಕಬ್ಬಿಣದ ಬೆಣೆ, ಕೊಟ್ಟು ವಾಲಿಕೆ ವಾಪಸ್ ತರಬಹುದು, ಅದೂ ಒಂದು ದಾರಿಯೇ. ಆದರೆ ಒಂದು ತಪ್ಪನ್ನ ಇಟ್ಟುಕೊಂಡು ಅದರ ಮೇಲೆ ಇನ್ನೊಂದು ತುಂಡು ಕಬ್ಬಿಣ ಯಾಕೆ ಏರಿಸಬೇಕು? ಎರಡು ದಿನ ಯೋಚನೆ ಮಾಡಿ ಅವರು ಫೋನ್ ಮಾಡಿದರು: "ಬಿಚ್ಚಿ." ಇಡೀ ಪ್ರಕರಣ ತಿರುಗಿದ್ದು ಆ ಒಂದು ಮಾತಿಗೆ.

ಅಣ್ಣನ ಮಗ ಬೇರೆ ಯೋಜನೆ ಮುಂದಿಟ್ಟ. ಸ್ಪ್ರಿಂಗನ್ನು ಆಕ್ಸೆಲ್‌ನ ಮೇಲಕ್ಕೆ ತಂದು, 31 ಇಂಚಿನ ಟೈರ್ ಹಾಕೋಣ ಅಂತ. ಅವನ ಮಾತಲ್ಲಿ ಹುರುಳಿತ್ತು. ಹಾಗೆ ಮಾಡಿದರೆ ಯು ಬೋಲ್ಟಿನ ಪ್ಲೇಟು ಮೇಲಕ್ಕೆ ಹೋಗುತ್ತೆ, ಟೈರಿನಿಂದ ಡಿಫರೆನ್ಷಿಯಲ್ಲೂ ಏಳುತ್ತೆ. ಸ್ಪರ್ಧೆಯ ಗಾಡಿಗಳಲ್ಲಿ ಇದನ್ನ ಮಾಡ್ತಾರೆ. ಆದರೆ ಜಿಪ್ಸಿಯ ಚಕ್ರದಿಂದ ಚಕ್ರಕ್ಕೆ ಅಗಲ 1.3 ಮೀಟರ್ ಅಷ್ಟೇ. ಹಿಂದೆ ಜನ ಕೂತು ಅಡ್ಡ ಇಳಿಜಾರಿನಲ್ಲಿ ಹೋಗುವ ಗಾಡಿಯನ್ನ ಐದಾರು ಇಂಚು ಎತ್ತರ ಮಾಡೋದು ನನಗೆ ಒಪ್ಪಿಗೆ ಆಗಲಿಲ್ಲ. ಸ್ಟೇರಿಂಗ್ ಲಿಂಕ್, ಬ್ರೇಕ್, ಶಾಫ್ಟ್ ಎಲ್ಲವನ್ನೂ ಮತ್ತೆ ಹೊಂದಿಸಬೇಕು. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಜೈಲಿಗೂ ಅವಕಾಶ ಇದೆ. ತೋಟದವರು ಮೊದಲು ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿದರು, ಇನ್ಶೂರೆನ್ಸ್‌ನವರಿಗೆ ಬರಹದಲ್ಲೇ ತಿಳಿಸಿದರು. ಆಮೇಲೆ ನಿರ್ಧಾರ ಮಾಡಿದರು: ಮೂಲದ ಹತ್ತಿರವೇ ಇರೋಣ. ಹುಡುಗನಿಗೆ ಬೇಜಾರಾಯಿತು. ಆದರೂ ಅಳತೆಯ ದಿನ ಬೆಳಿಗ್ಗೆ ಆರಕ್ಕೇ ಬಂದು ಜಾಕಿ ಹಿಡಿದ.

ಎರಡನೇ ಸುತ್ತು

ಹಳೇ ಶ್ಯಾಕಲ್ ವಾಪಸ್ ಹಾಕಿದೆವು. ಲಾರಿ ಸ್ಪ್ರಿಂಗ್ ಮಾಡುವವರ ಹತ್ತಿರ ಸ್ಪ್ರಿಂಗಿಗೆ ಹೊಸ ಪ್ಲೇಟು ಮಾಡಿಸಿದೆವು, ಇಎನ್ 45 ಅನ್ನೋ ಸ್ಪ್ರಿಂಗ್ ಉಕ್ಕಿನದು, ಮೂಲಕ್ಕಿಂತ ಒಂದೂವರೆ ಇಂಚು ಜಾಸ್ತಿ ಬಾಗಿಗೆ. ಹಳೇ ಪ್ಲೇಟನ್ನೇ ಕಾಯಿಸಿ ಬಗ್ಗಿಸಿದರೆ ಅಗ್ಗ. ಆದರೆ ಕಾಯಿಸಿದ ಮೇಲೆ ಮತ್ತೆ ಎಣ್ಣೆಯಲ್ಲಿ ಅದ್ದಿ ಸರಿಯಾಗಿ ಹದ ಮಾಡದಿದ್ದರೆ ಅದು ಬೇಗ ಕುಸಿಯುತ್ತೆ, ಇಲ್ಲ ಮುರಿಯುತ್ತೆ. ಹಾಗಾಗಿ ಅದನ್ನ ಬಿಟ್ಟೆವು.

ಟೈರ್ 205/70 ಆರ್15ರಿಂದ 215/75 ಆರ್15ಕ್ಕೆ. ಲೆಕ್ಕ ಸುಲಭ. ಹಳೇ ಟೈರಿನ ಎತ್ತರ 668 ಮಿಲಿಮೀಟರ್, ಹೊಸದು 703. ಅದರ ಅರ್ಧ, ಅಂದ್ರೆ 18 ಮಿಲಿಮೀಟರ್, ಡಿಫರೆನ್ಷಿಯಲ್ ಮೇಲೇಳುತ್ತೆ. ಸ್ಪೀಡೋಮೀಟರ್ 60 ತೋರಿಸಿದಾಗ ಗಾಡಿ 63ರಲ್ಲಿ ಇರುತ್ತೆ ಅನ್ನೋದನ್ನ ಡ್ರೈವರಿಗೆ ಹೇಳಿಟ್ಟೆವು.

ಶಾಕ್ ಕೊಳ್ಳುವ ಮೊದಲು ಒಂದು ಇಡೀ ದಿನ ಅಳತೆಗೆ ಕೊಟ್ಟೆವು. ಈ ಕೆಲಸವನ್ನ ಯಾರೂ ಬಿಡಬೇಡಿ. ಶಾಕ್ ಬಿಚ್ಚಿಟ್ಟು, ಹೊಸ ಸ್ಪ್ರಿಂಗ್ ಕೂರಿಸಿ, ಹಿಂದೆ 50 ಕಿಲೋದ ನಾಲ್ಕು ಮೂಟೆ ಕಾಫಿ ಹೇರಿ, ಸಮ ನೆಲದಲ್ಲಿ ಗಾಡಿ ನಿಲ್ಲಿಸಿದೆವು. ಮುಂದಿನ ಮೌಂಟಿನಿಂದ ಮೌಂಟಿಗೆ 13.75 ಇಂಚು ಬಂತು. ಆಮೇಲೆ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸೆಲ್ ಪೂರ್ತಿ ಇಳಿಬಿಟ್ಟೆವು. 17 ಇಂಚು. ಕೊನೆಗೆ ಸ್ಪ್ರಿಂಗಿನ ಮೇನ್ ಪ್ಲೇಟ್ ಒಂದನ್ನೇ ಉಳಿಸಿ, ಉಳಿದ ಪ್ಲೇಟ್ ತೆಗೆದು, ಆಕ್ಸೆಲ್ ಬಂಪ್ ಸ್ಟಾಪಿನ (ಆಕ್ಸೆಲ್ ಚಾಸಿಗೆ ಬಡಿಯದಂತೆ ತಡೆಯುವ) ರಬ್ಬರಿಗೆ ತಾಗುವವರೆಗೆ ಜಾಕಿ ಎತ್ತಿದೆವು. 10.75 ಇಂಚು. ಈ ಮೂರು ಅಂಕಿ ಕೈಯಲ್ಲಿದ್ದರೆ ಯಾವ ಶಾಕ್ ಬೇಕು ಅನ್ನೋದರಲ್ಲಿ ಊಹೆಗೆ ಜಾಗ ಇಲ್ಲ. ತೆರೆದಾಗ 17ಕ್ಕಿಂತ ತುಸು ಉದ್ದ ಇರಬೇಕು, ಸ್ಪ್ರಿಂಗ್ ನಿಲ್ಲುವ ಮೊದಲು ಶಾಕ್ ನಿಲ್ಲಬಾರದು. ಮುಚ್ಚಿದಾಗ 10.75ಕ್ಕಿಂತ ಅರ್ಧ ಇಂಚು ಗಿಡ್ಡ ಇರಬೇಕು, ಯಾಕಂದ್ರೆ ರಬ್ಬರ್ ಒತ್ತಿದರೆ ಇನ್ನೂ ಸ್ವಲ್ಪ ತಗ್ಗುತ್ತೆ. 17.25 ತೆರೆದು 10.25ಕ್ಕೆ ಮುಚ್ಚುವ ಶಾಕ್ ಸಿಕ್ಕಿತು. ಒಂದು ಟನ್ನಿನ ಗಾಡಿಗೆ ಹೊಂದುವ ಮೆತ್ತನೆಯದನ್ನೇ ಆರಿಸಿದೆವು. ನಿಂತ ಜಾಗದಿಂದ ಚಕ್ರ ಈಗ ಕೆಳಗೆ ಮೂರೂಕಾಲು ಇಂಚು, ಮೇಲೆ ಮೂರು ಇಂಚು ಆಡುತ್ತೆ.

ಬ್ರೇಕಿಗೆ ಉದ್ದದ ಹೋಸ್ ಹಾಕಿದೆವು. ಚಕ್ರ ಇಳಿಬಿಟ್ಟು, ಸ್ಟೇರಿಂಗ್ ಎರಡೂ ಕೊನೆಗೆ ತಿರುಗಿಸಿ, ಹೋಸ್ ಎಲ್ಲೂ ಎಳೆಯಲ್ಲ, ಟೈರಿಗೆ ಉಜ್ಜಲ್ಲ ಅಂತ ಟಾರ್ಚ್ ಹಿಡಿದು ನೋಡಿದೆವು. ಯು ಬೋಲ್ಟ್ ಎಲ್ಲಾ ಹೊಸದು. ಒಮ್ಮೆ ಬಿಗಿದು ಎಳೆದ ಯು ಬೋಲ್ಟನ್ನ ಮತ್ತೆ ಬಳಸೋದು ಬೇಡ.

ನಮ್ಮಿಂದಲೂ ಒಂದು ತಪ್ಪಾಯಿತು. ಹಿಂದಿನ ಶ್ಯಾಕಲ್ ಬೋಲ್ಟುಗಳನ್ನ ಗಾಡಿ ಸ್ಟ್ಯಾಂಡ್ ಮೇಲೆ ಇದ್ದಾಗಲೇ ಪೂರ್ತಿ ಬಿಗಿದುಬಿಟ್ಟೆವು. ಇಳಿಸಿದರೆ ಹಿಂಭಾಗ ಅರ್ಧ ಇಂಚು ಜಾಸ್ತಿ ಎತ್ತರ, ಒಂಥರಾ ಬಿಗಿ. ಹೀಗೆ ಬಿಗಿದರೆ ಬುಶ್ಶಿನ ರಬ್ಬರ್ ತಿರುಚಿಕೊಂಡೇ ಕೂತಿರುತ್ತೆ, ಸ್ವಲ್ಪ ದಿನಕ್ಕೆ ಹರಿಯುತ್ತೆ. ಎಲ್ಲಾ ಸಡಿಲಿಸಿ, ಗಾಡಿಯನ್ನ ನೆಲದ ಮೇಲೆ ನಿಲ್ಲಿಸಿ, ನಾಲ್ಕು ಸಲ ಕುಲುಕಿ, ಆಮೇಲೆ ಬಿಗಿದೆವು. ಸರಿಯಾಯಿತು.

ಆಮೇಲೆ

ಅಲೈನ್‌ಮೆಂಟಿನಲ್ಲಿ ಕ್ಯಾಸ್ಟರ್ ಎರಡೂ ಕಡೆ ಮೂರು ಡಿಗ್ರಿ ದಾಟಿತು. ಬೇಕಾಗಬಹುದು ಅಂತ ತಂದಿಟ್ಟಿದ್ದ ವೆಜ್ ಡಬ್ಬಿಯಲ್ಲೇ ಉಳಿಯಿತು. ಹೆಡ್‌ಲೈಟಿನ ಬೆಳಕು ಮೇಲಕ್ಕೆ ಹೋಗಿತ್ತು, ಅದನ್ನ ಇಳಿಸಿದೆವು. ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಮತ್ತೆ ನೋಡಿದರೆ ಪ್ರತಿಯೊಂದೂ ಕಾಲು ಸುತ್ತು ಬಿಗಿ ತೆಗೆದುಕೊಂಡಿತು. ಚಾರ್ಮಾಡಿಗೆ ಡ್ರೈವರ್ ಒಬ್ಬರೇ ಹೋಗಿ ಬಂದರು. ವಾಪಸ್ ಬಂದು ಕೀ ಕೊಡುವಾಗ, "ಈಗ ನಮ್ ಗಾಡಿ ಆಯ್ತು ಅಣ್ಣ" ಅಂದರು.

ಹಳ್ಳದ ಕಲ್ಲಿಗೆ 18 ಮಿಲಿಮೀಟರ್ ಸಾಕಾಗಲಿಲ್ಲ. ಸದ್ದು ಕಮ್ಮಿ ಆಯಿತು, ನಿಲ್ಲಲಿಲ್ಲ. ಕೊನೆಗೆ ನಾಲ್ಕು ಜನ ಹಾರೆ ಹಿಡಿದು ಅರ್ಧ ದಿನದಲ್ಲಿ ಎರಡು ದೊಡ್ಡ ಕಲ್ಲು ಎಬ್ಬಿಸಿ ಪಕ್ಕಕ್ಕೆ ಉರುಳಿಸಿದರು. ಆ ಗುಂಡಿಗೆ ಜಲ್ಲಿ ತುಂಬಿದರು. ಇದನ್ನ ಮೊದಲೇ ಮಾಡಿದ್ದರೆ? ತೋಟದವರು ಈ ಪ್ರಶ್ನೆಯನ್ನ ನನಗೆ ಕೇಳಿದರು. ಶಾಕ್, ಸ್ಪ್ರಿಂಗ್ ಹೇಗೂ ಹೋಗಿದ್ದವು, ಅವನ್ನ ಬದಲಾಯಿಸಲೇಬೇಕಿತ್ತು. ಆದರೆ ಎತ್ತರದ ಖರ್ಚಿನಲ್ಲಿ ಬಹುಪಾಲು ಉಳಿಯುತ್ತಿತ್ತು ಅಂತಲೇ ಹೇಳಿದೆ. ಯಾರಾದರೂ ಗಾಡಿ ಎತ್ತಿಸಬೇಕು ಅಂತ ಬಂದರೆ ನಾನು ಈಗ ಮೊದಲು ಕೇಳೋದು ಎಷ್ಟು ಇಂಚು ಅಂತ ಅಲ್ಲ. ಎಲ್ಲಿ ತಾಗ್ತಿದೆ, ತೋರಿಸಿ ಅಂತ.

ಈಗ ಹದಿನಾಲ್ಕು ತಿಂಗಳಾಯಿತು. ಖಾಲಿ ಗಾಡಿ ಮೊದಲಿಗಿಂತ ಸ್ವಲ್ಪ ಬಿಗಿ, ಅದು ಹೊಸ ಸ್ಪ್ರಿಂಗ್ ಪ್ಲೇಟಿನ ಗುಣ. ತಾಯಿ ಮತ್ತೆ ಗಾಡಿ ಹತ್ತುತ್ತಾರೆ, ಅವರಿಗೆ ಅಂತ ಸಿಲ್ವರ್ ಓಕಿನ ಒಂದು ಗಿಡ್ಡ ಮಣೆ ಮಾಡಿಸಿದ್ದಾರೆ. ಮಳೆ ಹಿಡಿಯುವ ಮೊದಲು ಡ್ರೈವರ್ ತಾವಾಗಿಯೇ ಗಾಡಿಯ ಅಡಿಗೆ ಮತ್ತೆ ಹಳದಿ ಪೇಂಟ್ ಬಳಿದಿದ್ದರು. ಹೋದ ವಾರ ನೋಡಿದಾಗ ಕೆತ್ತಿ ಹೋಗಿದ್ದು ಒಂದೇ ಜಾಗ, ಹಿಂದಿನ ಎಡಗಡೆಯ ಯು ಬೋಲ್ಟ್ ಪ್ಲೇಟು. ಯಾವ ಕಲ್ಲು ಅಂತ ಹುಡುಕೋಕೆ ಹಾರೆ ಹೆಗಲಿಗೆ ಹಾಕಿಕೊಂಡು ಹಳ್ಳದ ಕಡೆ ನಡೆದರು.